ಇಂಟರ್‌ಲ್ಯೂಕಿನ್-6 ಗ್ರಾಹಕ

ಇಂಟರ್‌ಲ್ಯೂಕಿನ್-6 ಗ್ರಾಹಕವು ಮಾನವ ಹಾಗೂ ಇತರ ಸಸ್ತನಿಗಳ ಕೆಲವು ಜೀವಕೋಶಗಳ ಹೊರಪೊರೆಯ ಮೇಲೆ ಮತ್ತು ರಕ್ತದ ದ್ರವಭಾಗದಲ್ಲಿ ಕಂಡುಬರುವ ಒಂದು ಪ್ರೋಟೀನು. ಇದನ್ನು ಸಂಕ್ಷಿಪ್ತವಾಗಿ ಐಎಲ್-6 ಗ್ರಾಹಕ ಎಂದೂ ಸಿಡಿ126 ಎಂದೂ ಕರೆಯುತ್ತಾರೆ. ಸೋಂಕು ತಗಲಿದಾಗ, ಗಾಯವಾದಾಗ ಅಥವಾ ಅಂಗಾಂಶಕ್ಕೆ ಹಾನಿಯಾದಾಗ ದೇಹವು ಇಂಟರ್‌ಲ್ಯೂಕಿನ್-6 ಎಂಬ ಸೈಟೊಕೈನನ್ನು ಬಿಡುಗಡೆ ಮಾಡುತ್ತದೆ. ಆ ಸೈಟೊಕೈನನ್ನು ಹಿಡಿದುಕೊಂಡು, ಅದರ ಸಂದೇಶವು ಜೀವಕೋಶದ ಒಳಕ್ಕೆ ತಲುಪುವ ಕ್ರಿಯೆಗೆ ನಾಂದಿ ಹಾಡುವುದು ಈ ಗ್ರಾಹಕದ ಕಾರ್ಯ. ಜ್ವರ ಬರುವುದು, ಯಕೃತ್ತಿನಲ್ಲಿ ಸಿ-ರಿಯಾಕ್ಟಿವ್ ಪ್ರೋಟೀನು ತಯಾರಾಗುವುದು, ಪ್ರತಿಕಾಯಗಳ ಉತ್ಪಾದನೆ ಹೆಚ್ಚುವುದು ಮೊದಲಾದ ರಕ್ಷಣಾತ್ಮಕ ಕ್ರಿಯೆಗಳಿಗೆ ಇದು ಅಗತ್ಯ. ಇದೇ ಗ್ರಾಹಕದ ಮೂಲಕ ಹರಿಯುವ ಸಂದೇಶವು ನಿಲ್ಲದೆ ಮುಂದುವರಿದರೆ ಅಥವಾ ಮಿತಿಮೀರಿದರೆ ರುಮಟಾಯ್ಡ್ ಸಂಧಿವಾತದಂತಹ ದೀರ್ಘಕಾಲೀನ ಕಾಯಿಲೆಗಳಿಗೂ, ಪ್ರಾಣಾಪಾಯ ತರುವ ತೀವ್ರ ಉರಿಯೂತಕ್ಕೂ ಕಾರಣವಾಗುತ್ತದೆ. ಈ ಕಾರಣದಿಂದ ಐಎಲ್-6 ಗ್ರಾಹಕವು ಆಧುನಿಕ ವೈದ್ಯಕೀಯದಲ್ಲಿ ಔಷಧಗಳ ಒಂದು ಮುಖ್ಯ ಗುರಿಯಾಗಿದೆ. ಇದನ್ನು ತಡೆಯುವ ಟೊಸಿಲಿಜುಮ್ಯಾಬ್ ಎಂಬ ಔಷಧವು ಕೋವಿಡ್-19 ಸಾಂಕ್ರಾಮಿಕದ ಸಮಯದಲ್ಲಿ ಭಾರತದಲ್ಲಿ ಜನಸಾಮಾನ್ಯರಿಗೂ ಪರಿಚಿತವಾಯಿತು.

ಹೆಸರು ಮತ್ತು ಪರಿಭಾಷೆ

ಸೈಟೊಕೈನ್‌ಗಳು ಜೀವಕೋಶಗಳು ಪರಸ್ಪರ ಸಂದೇಶ ಕಳುಹಿಸಲು ಬಳಸುವ ಚಿಕ್ಕ ಪ್ರೋಟೀನುಗಳು. ಗ್ರೀಕ್ ಮೂಲದ ಈ ಪದದಲ್ಲಿ 'ಸೈಟೊ' ಎಂದರೆ ಜೀವಕೋಶ, 'ಕೈನ್' ಎಂದರೆ ಚಲನೆ. 'ಇಂಟರ್‌ಲ್ಯೂಕಿನ್' ಎಂಬುದಕ್ಕೆ 'ಬಿಳಿ ರಕ್ತಕಣಗಳ ನಡುವಿನದು' ಎಂಬ ಅರ್ಥವಿದೆ. ಮೊದಲಿಗೆ ಈ ಪ್ರೋಟೀನುಗಳು ಬಿಳಿ ರಕ್ತಕಣಗಳ ನಡುವೆ ಮಾತ್ರ ಕೆಲಸ ಮಾಡುತ್ತವೆ ಎಂಬ ಭಾವನೆಯಿಂದ ಈ ಹೆಸರು ಬಂದಿತು. ಇಂಟರ್‌ಲ್ಯೂಕಿನ್-6 ಯಕೃತ್ತು, ಮೂಳೆ, ಮಿದುಳು, ರಕ್ತನಾಳಗಳ ಮೇಲೂ ಪರಿಣಾಮ ಬೀರುತ್ತದೆ ಎಂದು ತಿಳಿದ ಮೇಲೂ ಹೆಸರು ಹಾಗೆಯೇ ಉಳಿದಿದೆ.

ಸಂದೇಶವು ಎಲ್ಲ ಜೀವಕೋಶಗಳಿಗೂ ಮುಟ್ಟುವುದಿಲ್ಲ. ಅದನ್ನು ಹಿಡಿಯಬಲ್ಲ ಪ್ರೋಟೀನು ಇರುವ ಕೋಶಕ್ಕೆ ಮಾತ್ರ ಅದು ತಲುಪುತ್ತದೆ. ಹಾಗೆ ಹಿಡಿಯುವ ಪ್ರೋಟೀನಿಗೆ ಗ್ರಾಹಕ ಎಂದು ಹೆಸರು. ಬೀಗ ಮತ್ತು ಬೀಗದ ಕೈಗಳ ಹೋಲಿಕೆಯನ್ನು ಇಲ್ಲಿ ಸಾಮಾನ್ಯವಾಗಿ ಕೊಡಲಾಗುತ್ತದೆ. ಆದರೆ ಐಎಲ್-6ರ ವಿಷಯದಲ್ಲಿ ಆ ಹೋಲಿಕೆ ಪೂರ್ಣವಾಗಿ ಹೊಂದುವುದಿಲ್ಲ. ಇಲ್ಲಿ ಬೀಗವು ಬಾಗಿಲಿನಿಂದ ಕಳಚಿ, ಬೀಗದ ಕೈಯೊಂದಿಗೆ ರಕ್ತದಲ್ಲಿ ತೇಲಿ, ಇನ್ನೊಂದು ಬಾಗಿಲನ್ನು ತೆರೆಯಬಲ್ಲದು. ಈ ವೈಶಿಷ್ಟ್ಯವೇ ಐಎಲ್-6 ಗ್ರಾಹಕದ ಹಿತ ಮತ್ತು ಅಹಿತ ಎರಡನ್ನೂ ಅರ್ಥಮಾಡಿಕೊಳ್ಳಲು ಆಧಾರವಾಗಿದೆ.

ಶೋಧನೆಯ ಇತಿಹಾಸ

ಟಿ ಜೀವಕೋಶಗಳು ಸ್ರವಿಸುವ ಯಾವುದೋ ದ್ರವ್ಯವು ಬಿ ಜೀವಕೋಶಗಳನ್ನು ಪ್ರತಿಕಾಯ ತಯಾರಿಸುವಂತೆ ಪ್ರೇರೇಪಿಸುತ್ತದೆ ಎಂಬುದು 1970ರ ದಶಕದ ಆರಂಭದಲ್ಲಿ ಗಮನಕ್ಕೆ ಬಂದಿತು. ಆ ದ್ರವ್ಯವನ್ನು ಹುಡುಕಿದವರಲ್ಲಿ ಜಪಾನಿನ ತಡಮಿತ್ಸು ಕಿಶಿಮೊಟೊ ಪ್ರಮುಖರು. 1986ರಲ್ಲಿ ಕಿಶಿಮೊಟೊ ಮತ್ತು ತೋಶಿಯೊ ಹಿರಾನೊ ಅವರ ಒಸಾಕಾ ವಿಶ್ವವಿದ್ಯಾಲಯದ ತಂಡವು ಆ ದ್ರವ್ಯದ ವಂಶವಾಹಿಯನ್ನು ಬೇರ್ಪಡಿಸಿ ಓದಿತು. ಅದೇ ಕಾಲದಲ್ಲಿ ಬೇರೆ ಬೇರೆ ಪ್ರಯೋಗಾಲಯಗಳು ಬೇರೆ ಬೇರೆ ಹೆಸರುಗಳಿಂದ ಅಧ್ಯಯನ ಮಾಡುತ್ತಿದ್ದ ಅಂಶಗಳು, ಅಂದರೆ ಯಕೃತ್ತಿನ ಕೋಶಗಳನ್ನು ಪ್ರಚೋದಿಸುವ ಅಂಶ, ಇಂಟರ್‌ಫೆರಾನ್ ಬೀಟಾ-2, ಹೈಬ್ರಿಡೋಮ ಬೆಳವಣಿಗೆಯ ಅಂಶ ಎಲ್ಲವೂ ಒಂದೇ ಪ್ರೋಟೀನು ಎಂದು ಆಗ ತಿಳಿದುಬಂದಿತು. ಅದಕ್ಕೆ ಇಂಟರ್‌ಲ್ಯೂಕಿನ್-6 ಎಂಬ ಏಕರೂಪದ ಹೆಸರನ್ನು ಕೊಡಲಾಯಿತು.

1988ರಲ್ಲಿ ಇದೇ ತಂಡವು ಐಎಲ್-6 ಗ್ರಾಹಕದ ವಂಶವಾಹಿಯನ್ನು ಗುರುತಿಸಿತು. ಗ್ರಾಹಕದ ಒಳತುದಿಯು ಬಹಳ ಚಿಕ್ಕದಾಗಿದ್ದು, ತಾನೇ ಸ್ವತಃ ಸಂದೇಶವನ್ನು ಕೋಶದೊಳಗೆ ಕಳುಹಿಸಲಾರದು ಎಂಬುದು ಕೂಡಲೇ ಸ್ಪಷ್ಟವಾಯಿತು. ಸಂದೇಶವನ್ನು ಒಯ್ಯುವ ಎರಡನೆಯ ಪ್ರೋಟೀನು 1989ರಲ್ಲಿ ಪತ್ತೆಯಾಯಿತು; 1990ರಲ್ಲಿ ಅದರ ವಂಶವಾಹಿಯನ್ನೂ ಬೇರ್ಪಡಿಸಲಾಯಿತು. ಅದಕ್ಕೆ ಜಿಪಿ130 ಎಂದು ಹೆಸರು. 2009ರಲ್ಲಿ ಕಿಶಿಮೊಟೊ ಮತ್ತು ಹಿರಾನೊ ಅವರಿಗೆ ಇಂಟರ್‌ಲ್ಯೂಕಿನ್-1ರ ಸಂಶೋಧಕ ಚಾರ್ಲ್ಸ್ ಡಿನಾರೆಲೊ ಅವರೊಂದಿಗೆ ಸ್ವೀಡನ್ನಿನ ಕ್ರಾಫೋರ್ಡ್ ಪ್ರಶಸ್ತಿಯೂ, 2011ರಲ್ಲಿ ಇಬ್ಬರಿಗೂ ಜಪಾನ್ ಪ್ರಶಸ್ತಿಯೂ ಸಂದಿತು.

ರಚನೆ

ಮಾನವನ ಐಎಲ್-6 ಗ್ರಾಹಕದ ವಂಶವಾಹಿಯು 1ನೆಯ ವರ್ಣತಂತುವಿನ ಉದ್ದನೆಯ ಭುಜದ ಮೇಲಿದೆ. ಅದು ರೂಪಿಸುವ ಪ್ರೋಟೀನಿನಲ್ಲಿ 468 ಅಮೈನೋ ಆಮ್ಲಗಳಿವೆ. ಸಕ್ಕರೆಯ ಅಣುಗಳು ಜೋಡಣೆಗೊಂಡ ಬಳಿಕ ಇದರ ತೂಕ ಸುಮಾರು 80 ಕಿಲೋಡಾಲ್ಟನ್. ಗ್ರಾಹಕವನ್ನು ಮೂರು ಭಾಗಗಳಾಗಿ ನೋಡಬಹುದು. ಕೋಶದ ಹೊರಗೆ ಚಾಚಿಕೊಂಡಿರುವ ದೊಡ್ಡ ಭಾಗ ಮೊದಲನೆಯದು. ಇದರಲ್ಲಿ ಮೂರು ಘಟಕಗಳಿದ್ದು, ಪೊರೆಗೆ ಹತ್ತಿರವಿರುವ ಎರಡು ಘಟಕಗಳು ಐಎಲ್-6 ಅನ್ನು ಹಿಡಿಯುತ್ತವೆ. ಕೋಶಪೊರೆಯನ್ನು ಹಾದುಹೋಗುವ ಸಣ್ಣ ಎಳೆ ಎರಡನೆಯದು. ಕೋಶದೊಳಗಿನ ಗಿಡ್ಡ ತುದಿ ಮೂರನೆಯದು.

ಸಹಗ್ರಾಹಕವಾದ ಜಿಪಿ130ರ ವಂಶವಾಹಿಯು 5ನೆಯ ವರ್ಣತಂತುವಿನಲ್ಲಿದೆ. ಐಎಲ್-6 ಗ್ರಾಹಕವು ಕೆಲವೇ ಬಗೆಯ ಕೋಶಗಳಲ್ಲಿರುವಾಗ, ಜಿಪಿ130 ದೇಹದ ಬಹುತೇಕ ಎಲ್ಲ ಕೋಶಗಳಲ್ಲಿಯೂ ಇರುತ್ತದೆ. ಇಂಟರ್‌ಲ್ಯೂಕಿನ್-11 ಮೊದಲಾದ ಹಲವು ಸೈಟೊಕೈನ್‌ಗಳು ಇದೇ ಜಿಪಿ130 ಅನ್ನು ಬಳಸಿಕೊಳ್ಳುತ್ತವೆ. ಜಿಪಿ130 ಐಎಲ್-6 ಅನ್ನು ತಾನಾಗಿಯೇ ಗುರುತಿಸುವುದಿಲ್ಲ. ಗ್ರಾಹಕದೊಂದಿಗೆ ಕೂಡಿಕೊಂಡ ಐಎಲ್-6 ಅನ್ನು ಮಾತ್ರ ಅದು ಸ್ವೀಕರಿಸುತ್ತದೆ. 2003ರಲ್ಲಿ ಪ್ರಕಟವಾದ ಸ್ಫಟಿಕ ಅಧ್ಯಯನದಿಂದ, ಎರಡು ಐಎಲ್-6, ಎರಡು ಐಎಲ್-6 ಗ್ರಾಹಕ ಮತ್ತು ಎರಡು ಜಿಪಿ130 ಹೀಗೆ ಆರು ಅಣುಗಳು ಸೇರಿ ಒಂದು ಸಂಕೀರ್ಣವಾಗುತ್ತವೆ ಎಂದು ತಿಳಿಯಿತು.

ಸಂಕೇತ ರವಾನೆ

ಆರು ಅಣುಗಳ ಸಂಕೀರ್ಣವು ಏರ್ಪಟ್ಟಾಗ ಎರಡು ಜಿಪಿ130 ಅಣುಗಳ ಒಳತುದಿಗಳು ಒಂದಕ್ಕೊಂದು ಸಮೀಪವಾಗುತ್ತವೆ. ಅವುಗಳಿಗೆ ಅಂಟಿಕೊಂಡಿರುವ ಜ್ಯಾಕ್ ಕಿಣ್ವಗಳು ಆಗ ಎಚ್ಚರಗೊಳ್ಳುತ್ತವೆ. ಈ ಕಿಣ್ವಗಳು ಜಿಪಿ130ಕ್ಕೆ ಫಾಸ್ಫೇಟ್ ಗುಂಪುಗಳನ್ನು ಜೋಡಿಸುತ್ತವೆ. ಅಲ್ಲಿಗೆ ಬಂದು ಸೇರುವ ಸ್ಟ್ಯಾಟ್3 ಎಂಬ ಪ್ರೋಟೀನು ಸಕ್ರಿಯಗೊಂಡು, ಜೋಡಿಯಾಗಿ ಕೋಶಕೇಂದ್ರವನ್ನು ಪ್ರವೇಶಿಸಿ, ನಿರ್ದಿಷ್ಟ ವಂಶವಾಹಿಗಳಿಗೆ ಚಾಲನೆ ಕೊಡುತ್ತದೆ. ಹೀಗೆ ಚಾಲನೆ ಪಡೆಯುವ ವಂಶವಾಹಿಗಳಲ್ಲಿ ಸಾಕ್ಸ್3 ಎಂಬ ಪ್ರೋಟೀನಿನದೂ ಒಂದು. ಸಾಕ್ಸ್3 ಹಿಂದಿರುಗಿ ಬಂದು ಜ್ಯಾಕ್ ಕಿಣ್ವಗಳನ್ನು ತಡೆಯುತ್ತದೆ. ಸಂದೇಶವೇ ತನ್ನ ಅಂತ್ಯವನ್ನೂ ಸಿದ್ಧಪಡಿಸುವ ಈ ವ್ಯವಸ್ಥೆಯಿಂದಾಗಿ, ಆರೋಗ್ಯವಂತರಲ್ಲಿ ಐಎಲ್-6ರ ಪ್ರಭಾವವು ಅಲ್ಪಾವಧಿಯದಾಗಿರುತ್ತದೆ.

ನೇರ ಸಂಕೇತನ

ಐಎಲ್-6 ಗ್ರಾಹಕವನ್ನು ತಮ್ಮ ಪೊರೆಯ ಮೇಲೆಯೇ ಹೊಂದಿರುವ ಕೋಶಗಳು ಸಂದೇಶವನ್ನು ನೇರವಾಗಿ ಪಡೆಯುತ್ತವೆ. ಯಕೃತ್ತಿನ ಕೋಶಗಳು, ನ್ಯೂಟ್ರೊಫಿಲ್‌ಗಳು, ಮೊನೊಸೈಟ್‌ಗಳು ಹಾಗೂ ಕೆಲವು ಟಿ ಮತ್ತು ಬಿ ಕೋಶಗಳು ಈ ವರ್ಗದವು. ಸೋಂಕಿನ ವಿರುದ್ಧದ ರಕ್ಷಣೆ, ಯಕೃತ್ತಿನ ಪ್ರತಿಕ್ರಿಯೆ, ಕರುಳಿನ ಒಳಪದರದ ದುರಸ್ತಿ ಮೊದಲಾದ ಹಿತಕರ ಕಾರ್ಯಗಳು ಬಹುಮಟ್ಟಿಗೆ ಈ ಮಾರ್ಗದಿಂದ ನಡೆಯುತ್ತವೆ ಎಂದು ತಿಳಿಯಲಾಗಿದೆ.

ಟ್ರಾನ್ಸ್-ಸಂಕೇತನ

ಆಡಮ್17 ಎಂಬ ಕಿಣ್ವವು ಗ್ರಾಹಕದ ಹೊರಭಾಗವನ್ನು ಪೊರೆಯಿಂದ ಕತ್ತರಿಸಿ ಬಿಡಿಸಬಲ್ಲದು. ವಂಶವಾಹಿಯ ಸಂದೇಶವನ್ನು ಬೇರೆ ರೀತಿಯಲ್ಲಿ ಜೋಡಿಸುವುದರಿಂದಲೂ ಪೊರೆಗೆ ಅಂಟದ ಗ್ರಾಹಕ ತಯಾರಾಗುತ್ತದೆ. ಹೀಗೆ ಬಿಡಿಯಾದ ಗ್ರಾಹಕಕ್ಕೆ ಕರಗಿದ ಗ್ರಾಹಕ ಎನ್ನುತ್ತಾರೆ. ಹಲವು ಗ್ರಾಹಕಗಳು ಪೊರೆಯಿಂದ ಬಿಡಿಯಾದ ಮೇಲೆ ತಮ್ಮ ಸೈಟೊಕೈನನ್ನು ಹಿಡಿದಿಟ್ಟು ಅದನ್ನು ನಿಷ್ಕ್ರಿಯಗೊಳಿಸುತ್ತವೆ. ಐಎಲ್-6ರ ಕರಗಿದ ಗ್ರಾಹಕವು ಇದಕ್ಕೆ ವಿರುದ್ಧವಾಗಿ, ಐಎಲ್-6 ಅನ್ನು ಹಿಡಿದು ಜಿಪಿ130 ಇರುವ ಯಾವುದೇ ಕೋಶಕ್ಕೆ ಒಯ್ದು ಸಂದೇಶವನ್ನು ಮುಟ್ಟಿಸುತ್ತದೆ. ರಕ್ತನಾಳದ ಒಳಪದರ, ಕೀಲಿನ ಒಳಪೊರೆ, ನಯವಾದ ಸ್ನಾಯು ಮುಂತಾದ, ಸ್ವಂತ ಗ್ರಾಹಕವಿಲ್ಲದ ಕೋಶಗಳೂ ಹೀಗೆ ಉರಿಯೂತದಲ್ಲಿ ಪಾಲ್ಗೊಳ್ಳುತ್ತವೆ. ಈ ಮಾರ್ಗದ ಅಧ್ಯಯನದಲ್ಲಿ ಜರ್ಮನಿಯ ಸ್ಟೆಫಾನ್ ರೋಸ್-ಯೋನ್ ಅವರ ಕಾರ್ಯ ಮುಖ್ಯವಾದುದು.

ಈ ಮಾರ್ಗಕ್ಕೆ ದೇಹದಲ್ಲಿಯೇ ಒಂದು ತಡೆಯೂ ಇದೆ. ರಕ್ತದಲ್ಲಿ ಜಿಪಿ130ರ ಕರಗಿದ ರೂಪವೂ ಇರುತ್ತದೆ. ಅದು ಐಎಲ್-6 ಮತ್ತು ಕರಗಿದ ಗ್ರಾಹಕದ ಜೋಡಿಯನ್ನು ಹಿಡಿದು ನಿಷ್ಕ್ರಿಯಗೊಳಿಸುತ್ತದೆ. ಐಎಲ್-6ರ ಪ್ರಮಾಣವು ಕಡಿಮೆ ಇರುವವರೆಗೆ ಈ ತಡೆ ಸಾಕಾಗುತ್ತದೆ. ಆರೋಗ್ಯವಂತರ ರಕ್ತದಲ್ಲಿ ಐಎಲ್-6 ಮಿಲಿಲೀಟರಿಗೆ ಕೆಲವೇ ಪಿಕೋಗ್ರಾಂ ಇರುತ್ತದೆ. ತೀವ್ರ ರಕ್ತನಂಜಿನಲ್ಲಿ ಅದು ಸಾವಿರಾರು ಪಟ್ಟು ಏರಬಹುದು. ಆಗ ತಡೆಯ ಶಕ್ತಿ ಮುಗಿದು ಸಂದೇಶವು ದೇಹದಾದ್ಯಂತ ಹರಡುತ್ತದೆ.

ರೋಗನಿರೋಧಕ ಶಕ್ತಿಯಲ್ಲಿ ಪಾತ್ರ

ಬ್ಯಾಕ್ಟೀರಿಯ ಅಥವಾ ವೈರಸ್ ದೇಹವನ್ನು ಹೊಕ್ಕಾಗ, ಅದನ್ನು ಮೊದಲು ಎದುರಿಸುವ ಭಕ್ಷಕಕೋಶಗಳು ಐಎಲ್-6 ಅನ್ನು ಸ್ರವಿಸುತ್ತವೆ. ಅದು ರಕ್ತದ ಮೂಲಕ ಯಕೃತ್ತನ್ನು ತಲುಪಿ, ಅಲ್ಲಿನ ಗ್ರಾಹಕಗಳಿಗೆ ಅಂಟಿಕೊಂಡಾಗ, ಯಕೃತ್ತು ತೀವ್ರಹಂತದ ಪ್ರೋಟೀನುಗಳನ್ನು ತಯಾರಿಸತೊಡಗುತ್ತದೆ. ಇವುಗಳಲ್ಲಿ ಸಿ-ರಿಯಾಕ್ಟಿವ್ ಪ್ರೋಟೀನು ಎಲ್ಲಕ್ಕಿಂತ ಪರಿಚಿತವಾದುದು. ಇದನ್ನು 1930ರಲ್ಲಿ ಅಮೆರಿಕದ ಟಿಲೆಟ್ ಮತ್ತು ಫ್ರಾನ್ಸಿಸ್ ಎಂಬವರು ನ್ಯುಮೋನಿಯ ರೋಗಿಗಳ ರಕ್ತದಲ್ಲಿ ಕಂಡುಹಿಡಿದರು. ಇಂದು ಸಣ್ಣ ಪಟ್ಟಣಗಳ ಪ್ರಯೋಗಾಲಯಗಳಲ್ಲಿಯೂ 'ಸಿಆರ್‌ಪಿ' ಎಂಬ ಹೆಸರಿನಲ್ಲಿ ನಡೆಯುವ ರಕ್ತಪರೀಕ್ಷೆಯು ಇದೇ ಪ್ರೋಟೀನಿನದು. ಹೀಗಾಗಿ ಸಿಆರ್‌ಪಿ ವರದಿಯಲ್ಲಿ ಕಾಣುವ ಏರಿಕೆಯು ಬಹುಮಟ್ಟಿಗೆ ಯಕೃತ್ತಿನ ಐಎಲ್-6 ಗ್ರಾಹಕಗಳು ಸಂದೇಶ ಪಡೆದಿವೆ ಎಂಬುದರ ಸೂಚನೆ.

ಗ್ರಾಹಕದ ಇತರ ರಕ್ಷಣಾ ಕಾರ್ಯಗಳು ಹೀಗಿವೆ. ಬಿ ಕೋಶಗಳು ಪ್ರತಿಕಾಯ ತಯಾರಿಸುವ ಪ್ಲಾಸ್ಮಾ ಕೋಶಗಳಾಗಿ ಬೆಳೆಯಲು ಇದು ನೆರವಾಗುತ್ತದೆ. ಟಿ ಕೋಶಗಳು ಬೀಟಾ ಬೆಳವಣಿಗೆ ಅಂಶದ ಜೊತೆಗೆ ಐಎಲ್-6ರ ಸಂದೇಶವನ್ನೂ ಪಡೆದಾಗ, ಶಿಲೀಂಧ್ರ ಮತ್ತು ಕೆಲವು ಬ್ಯಾಕ್ಟೀರಿಯಗಳ ವಿರುದ್ಧ ಹೋರಾಡುವ ಟಿಎಚ್17 ಕೋಶಗಳಾಗಿ ಮಾರ್ಪಡುತ್ತವೆ ಎಂದು 2006ರಲ್ಲಿ ಪ್ರಕಟವಾದ ಅಧ್ಯಯನಗಳು ತೋರಿಸಿದವು. ಮಿದುಳಿನಲ್ಲಿ ದೇಹದ ಉಷ್ಣತೆಯನ್ನು ನಿಯಂತ್ರಿಸುವ ಭಾಗದ ಮೇಲೆ ಪ್ರಭಾವ ಬೀರಿ ಜ್ವರ ಬರಿಸುವುದರಲ್ಲಿಯೂ ಇದಕ್ಕೆ ಪಾತ್ರವಿದೆ. ಉರಿಯೂತ ನಡೆದ ಸ್ಥಳದಲ್ಲಿ ಮೊದಲು ಬಂದ ನ್ಯೂಟ್ರೊಫಿಲ್‌ಗಳು ಹಿಂದೆ ಸರಿದು, ಅವಶೇಷಗಳನ್ನು ಸ್ವಚ್ಛಗೊಳಿಸುವ ಮೊನೊಸೈಟ್‌ಗಳು ಬರುವಂತೆ ಮಾಡುವುದರಲ್ಲಿಯೂ ಐಎಲ್-6 ಸಂದೇಶ ನೆರವಾಗುತ್ತದೆ. ಅಂದರೆ ಉರಿಯೂತವನ್ನು ಹಚ್ಚುವ ಸಂದೇಶಕ್ಕೇ ಅದನ್ನು ಶಮನದ ಕಡೆಗೆ ನಡೆಸುವ ಗುಣವೂ ಇದೆ.

ಈ ಗ್ರಾಹಕ ಹುಟ್ಟಿನಿಂದಲೇ ಕೆಲಸ ಮಾಡದ ಅತಿ ವಿರಳ ರೋಗಿಗಳ ವಿವರಗಳು 2019ರಿಂದ ವೈದ್ಯಕೀಯ ಪತ್ರಿಕೆಗಳಲ್ಲಿ ಪ್ರಕಟವಾಗಿವೆ. ಅವರಲ್ಲಿ ಪದೇ ಪದೇ ಬರುವ ಚರ್ಮದ ಸೋಂಕು, ಇಸುಬಿನಂತಹ ಚರ್ಮರೋಗ ಹಾಗೂ ಇಮ್ಯುನೊಗ್ಲಾಬ್ಯುಲಿನ್-ಇ ಪ್ರಮಾಣದ ಏರಿಕೆ ಕಂಡುಬಂದಿವೆ. ಗಂಭೀರ ಸೋಂಕಿದ್ದರೂ ಅವರ ಸಿಆರ್‌ಪಿ ಸರಿಯಾಗಿ ಏರುವುದಿಲ್ಲ. ಗ್ರಾಹಕವು ರೋಗಕ್ಕೆ ಕಾರಣವಾಗುವ ಒಂದು ವೈರಿಯಷ್ಟೇ ಅಲ್ಲ ಎಂಬುದಕ್ಕೆ ಈ ಪ್ರಕರಣಗಳು ಸಾಕ್ಷಿಯಾಗಿವೆ.

ಉರಿಯೂತದ ಕಾಯಿಲೆಗಳಲ್ಲಿ ಪಾತ್ರ

ರುಮಟಾಯ್ಡ್ ಸಂಧಿವಾತದಲ್ಲಿ ದೇಹದ ರಕ್ಷಣಾ ವ್ಯವಸ್ಥೆಯು ತನ್ನದೇ ಕೀಲುಗಳ ಮೇಲೆ ದಾಳಿ ಮಾಡುತ್ತದೆ. ಇಂತಹ ರೋಗಿಗಳ ಕೀಲುದ್ರವದಲ್ಲಿ ಐಎಲ್-6 ಹಾಗೂ ಕರಗಿದ ಗ್ರಾಹಕ ಎರಡೂ ಹೆಚ್ಚಾಗಿರುತ್ತವೆ. ಟ್ರಾನ್ಸ್-ಸಂಕೇತನದ ಮೂಲಕ ಕೀಲಿನ ಒಳಪೊರೆಯು ದಪ್ಪಗಾಗುತ್ತದೆ. ಹೊಸ ರಕ್ತನಾಳಗಳು ಬೆಳೆಯುತ್ತವೆ. ಮೂಳೆಯನ್ನು ಕರಗಿಸುವ ಕೋಶಗಳು ಹೆಚ್ಚುತ್ತವೆ. ಕಾಲಕ್ರಮದಲ್ಲಿ ಬೆರಳು, ಮಣಿಕಟ್ಟುಗಳ ಕೀಲುಗಳು ಸವೆದು ವಕ್ರವಾಗುತ್ತವೆ.

ಇಂತಹ ರೋಗಿಗಳಲ್ಲಿ ಕಾಣುವ ಆಯಾಸ ಮತ್ತು ರಕ್ತಹೀನತೆಗೂ ಐಎಲ್-6 ಗ್ರಾಹಕಕ್ಕೂ ಸಂಬಂಧವಿದೆ. ಸಂದೇಶ ಪಡೆದ ಯಕೃತ್ತು ಹೆಪ್ಸಿಡಿನ್ ಎಂಬ ಹಾರ್ಮೋನನ್ನು ಹೆಚ್ಚಾಗಿ ತಯಾರಿಸುತ್ತದೆ. ಹೆಪ್ಸಿಡಿನ್ ಕರುಳಿನಿಂದ ಕಬ್ಬಿಣವು ರಕ್ತಕ್ಕೆ ಸೇರುವುದನ್ನೂ, ಸಂಗ್ರಹದಲ್ಲಿರುವ ಕಬ್ಬಿಣವು ಹೊರಬರುವುದನ್ನೂ ತಡೆಯುತ್ತದೆ. ಬ್ಯಾಕ್ಟೀರಿಯಗಳಿಗೆ ಕಬ್ಬಿಣ ಸಿಗದಂತೆ ಮಾಡುವ ಈ ಉಪಾಯವು ಅಲ್ಪಕಾಲದ ಸೋಂಕಿನಲ್ಲಿ ಪ್ರಯೋಜನಕಾರಿ. ಉರಿಯೂತವು ವರ್ಷಗಟ್ಟಲೆ ಉಳಿದರೆ ಮಾತ್ರ ದೇಹದಲ್ಲಿ ಕಬ್ಬಿಣವಿದ್ದೂ ರಕ್ತ ತಯಾರಾಗದ ಸ್ಥಿತಿ ಬರುತ್ತದೆ. ಇಂತಹ ರಕ್ತಹೀನತೆಯು ಕಬ್ಬಿಣದ ಮಾತ್ರೆಗಳಿಂದಷ್ಟೇ ಸರಿಹೋಗುವುದು ಕಷ್ಟ. ಮೂಲದ ಉರಿಯೂತಕ್ಕೆ ಚಿಕಿತ್ಸೆ ಬೇಕಾಗುತ್ತದೆ.

ಮಕ್ಕಳಲ್ಲಿ ಬರುವ, ಇಡೀ ದೇಹವನ್ನು ಬಾಧಿಸುವ ಸಂಧಿವಾತ, ದುಗ್ಧಗ್ರಂಥಿಗಳು ಊದಿಕೊಳ್ಳುವ ಕ್ಯಾಸಲ್‌ಮನ್ ಕಾಯಿಲೆ, ವೃದ್ಧರಲ್ಲಿ ಕಣಿತಲೆಯ ರಕ್ತನಾಳಗಳನ್ನು ಬಾಧಿಸುವ ದೈತ್ಯಕೋಶ ಅಪಧಮನಿಯ ಉರಿಯೂತ ಇವುಗಳಲ್ಲಿಯೂ ಐಎಲ್-6 ಗ್ರಾಹಕದ ಪಾತ್ರ ಸಾಬೀತಾಗಿದೆ.

ಗ್ರಾಹಕದ ವಂಶವಾಹಿಯಲ್ಲಿ ಸಾಮಾನ್ಯವಾಗಿ ಕಾಣುವ ಒಂದು ವ್ಯತ್ಯಾಸವೂ ಗಮನಾರ್ಹ. ಪ್ರೋಟೀನಿನ 358ನೆಯ ಸ್ಥಾನದಲ್ಲಿ ಆಸ್ಪಾರ್ಟಿಕ್ ಆಮ್ಲದ ಬದಲು ಅಲನಿನ್ ಇರುವವರಲ್ಲಿ ಗ್ರಾಹಕವು ಪೊರೆಯಿಂದ ಸುಲಭವಾಗಿ ಕತ್ತರಿಸಿಹೋಗುತ್ತದೆ. ರಕ್ತದಲ್ಲಿ ಕರಗಿದ ಗ್ರಾಹಕ ಹೆಚ್ಚಿ, ಕೋಶಗಳ ಮೇಲಿನ ಗ್ರಾಹಕ ಕಡಿಮೆಯಾಗುತ್ತದೆ. ಇಂತಹವರಲ್ಲಿ ಸಿಆರ್‌ಪಿ ಕಡಿಮೆ ಇದ್ದು, ಹೃದಯದ ರಕ್ತನಾಳಗಳ ಕಾಯಿಲೆಯ ಸಂಭವವೂ ತುಸು ಕಡಿಮೆ ಎಂದು 2012ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಪ್ರಕಟವಾದ ಎರಡು ದೊಡ್ಡ ಅಧ್ಯಯನಗಳು ತಿಳಿಸಿದವು. ಹೃದಯಾಘಾತದ ಹಿಂದೆ ಕೊಬ್ಬಿನ ಜೊತೆಗೆ ಉರಿಯೂತವೂ ಇದೆ ಎಂಬ ವಾದಕ್ಕೆ ಇದರಿಂದ ಬಲ ಬಂದಿತು.

ಗ್ರಾಹಕವನ್ನು ತಡೆಯುವ ಔಷಧಗಳು

ಟೊಸಿಲಿಜುಮ್ಯಾಬ್ ಐಎಲ್-6 ಗ್ರಾಹಕಕ್ಕೆ ಅಂಟಿಕೊಂಡು ಐಎಲ್-6ಗೆ ಜಾಗವಿಲ್ಲದಂತೆ ಮಾಡುವ ಪ್ರತಿಕಾಯ. ಇಲಿಯ ಪ್ರತಿಕಾಯವನ್ನು ಮಾನವ ದೇಹಕ್ಕೆ ಒಗ್ಗುವಂತೆ ಮಾರ್ಪಡಿಸಿ ಇದನ್ನು ರೂಪಿಸಲಾಯಿತು. ಒಸಾಕಾ ವಿಶ್ವವಿದ್ಯಾಲಯ ಮತ್ತು ಚುಗಾಯ್ ಔಷಧ ಸಂಸ್ಥೆ ಸೇರಿ ಇದನ್ನು ಅಭಿವೃದ್ಧಿಪಡಿಸಿದವು. ಜಪಾನಿನಲ್ಲಿ 2005ರಲ್ಲಿ ಕ್ಯಾಸಲ್‌ಮನ್ ಕಾಯಿಲೆಗೂ, 2008ರಲ್ಲಿ ಸಂಧಿವಾತಕ್ಕೂ ಇದಕ್ಕೆ ಅನುಮತಿ ಸಿಕ್ಕಿತು. ಯುರೋಪಿನಲ್ಲಿ 2009ರಲ್ಲಿ, ಅಮೆರಿಕದಲ್ಲಿ 2010ರಲ್ಲಿ ಸಂಧಿವಾತದ ಚಿಕಿತ್ಸೆಗೆ ಒಪ್ಪಿಗೆ ದೊರೆಯಿತು. ಇದು ಪೊರೆಯ ಮೇಲಿನ ಮತ್ತು ಕರಗಿದ ಗ್ರಾಹಕ ಎರಡನ್ನೂ ತಡೆಯುತ್ತದೆ. ಸಾರಿಲುಮ್ಯಾಬ್ ಮತ್ತು ಸಾಟ್ರಲಿಜುಮ್ಯಾಬ್ ಇದೇ ವರ್ಗದ ನಂತರದ ಔಷಧಗಳು. ಸಿಲ್ಟುಕ್ಸಿಮ್ಯಾಬ್ ಮಾತ್ರ ಗ್ರಾಹಕವನ್ನು ಬಿಟ್ಟು ಐಎಲ್-6 ಅನ್ನೇ ಹಿಡಿಯುತ್ತದೆ. ನೇರ ಸಂಕೇತನವನ್ನು ಮುಟ್ಟದೆ ಟ್ರಾನ್ಸ್-ಸಂಕೇತನವನ್ನು ಮಾತ್ರ ತಡೆಯುವ ಉದ್ದೇಶದಿಂದ, ಕರಗಿದ ಜಿಪಿ130ರ ಮಾದರಿಯಲ್ಲಿ ಒಲಾಂಕಿಸೆಪ್ಟ್ ಎಂಬ ಔಷಧವನ್ನು ರೂಪಿಸಿ ಪರೀಕ್ಷಿಸಲಾಗಿದೆ. ಗ್ರಾಹಕದ ಹಿತಕರ ಕೆಲಸವನ್ನು ಉಳಿಸಿಕೊಂಡು ಅಹಿತವನ್ನಷ್ಟೇ ನಿಲ್ಲಿಸಬೇಕೆಂಬುದು ಇದರ ಹಿಂದಿನ ಆಲೋಚನೆ.

ಕ್ಯಾನ್ಸರಿನ ಕಾರ್-ಟಿ ಕೋಶ ಚಿಕಿತ್ಸೆಯಲ್ಲಿ ಈ ಔಷಧದ ಇನ್ನೊಂದು ಉಪಯೋಗ ಬೆಳಕಿಗೆ ಬಂದಿತು. ರೋಗಿಯ ಸ್ವಂತ ಟಿ ಕೋಶಗಳನ್ನು ಹೊರತೆಗೆದು, ಕ್ಯಾನ್ಸರ್ ಕೋಶಗಳನ್ನು ಗುರುತಿಸುವಂತೆ ಮಾರ್ಪಡಿಸಿ ಮರಳಿ ಕೊಡುವುದು ಈ ಚಿಕಿತ್ಸೆಯ ಕ್ರಮ. 2012ರಲ್ಲಿ ಫಿಲಡೆಲ್ಫಿಯಾದ ಮಕ್ಕಳ ಆಸ್ಪತ್ರೆಯಲ್ಲಿ ರಕ್ತದ ಕ್ಯಾನ್ಸರಿಗೆ ಈ ಚಿಕಿತ್ಸೆ ಪಡೆದ ಮೊದಲ ಬಾಲಕಿ, ಆರು ವರ್ಷದ ಎಮಿಲಿ ವೈಟ್‌ಹೆಡ್, ಸೈಟೊಕೈನ್‌ಗಳ ಮಿತಿಮೀರಿದ ಬಿಡುಗಡೆಯಿಂದ ಸಾವಿನಂಚಿಗೆ ಬಂದಳು. ಅವಳ ರಕ್ತದಲ್ಲಿ ಐಎಲ್-6 ಅತಿಯಾಗಿರುವುದನ್ನು ಕಂಡ ವೈದ್ಯರು ಸಂಧಿವಾತದ ಔಷಧವಾದ ಟೊಸಿಲಿಜುಮ್ಯಾಬನ್ನು ಕೊಟ್ಟರು. ಅವಳು ಶೀಘ್ರವಾಗಿ ಚೇತರಿಸಿಕೊಂಡಳು. 2017ರಲ್ಲಿ ಅಮೆರಿಕದಲ್ಲಿ ಈ ಉಪಯೋಗಕ್ಕೂ ಅಧಿಕೃತ ಅನುಮತಿ ದೊರೆಯಿತು.

ಕರ್ನಾಟಕದ ಸಂದರ್ಭ

ಚಿಕೂನ್‌ಗುನ್ಯ

ಚಿಕೂನ್‌ಗುನ್ಯ ವೈರಸ್ಸನ್ನು 1950ರ ದಶಕದ ಆರಂಭದಲ್ಲಿ ಇಂದಿನ ತಾಂಜಾನಿಯಾದಲ್ಲಿ ಮೊದಲು ಗುರುತಿಸಲಾಯಿತು. ಮಕೊಂಡೆ ಭಾಷೆಯಲ್ಲಿ ಈ ಹೆಸರಿಗೆ 'ಬಾಗಿಸುವುದು' ಎಂಬ ಅರ್ಥವಿದೆ. ಕೋಳಿಗೂ ಈ ರೋಗಕ್ಕೂ ಸಂಬಂಧವಿಲ್ಲ. ಭಾರತದಲ್ಲಿ 1963ರಲ್ಲಿ ಕೋಲ್ಕತ್ತದಲ್ಲಿ, 1973ರಲ್ಲಿ ಕರ್ನಾಟಕದ ಗಡಿಗೆ ಹೊಂದಿಕೊಂಡ ಸೊಲ್ಲಾಪುರ ಜಿಲ್ಲೆಯ ಬಾರ್ಶಿಯಲ್ಲಿ ಕಾಣಿಸಿಕೊಂಡ ಈ ರೋಗವು ಸುಮಾರು ಮೂರು ದಶಕಗಳ ಬಳಿಕ 2005ರ ಕೊನೆಯಲ್ಲಿ ಮರಳಿತು. 2006ರಲ್ಲಿ ದೇಶದಲ್ಲಿ ವರದಿಯಾದ ಸುಮಾರು 13.9 ಲಕ್ಷ ಶಂಕಿತ ಪ್ರಕರಣಗಳಲ್ಲಿ ಅರ್ಧಕ್ಕಿಂತ ಹೆಚ್ಚು, ಅಂದರೆ ಏಳು ಲಕ್ಷಕ್ಕೂ ಮೀರಿ, ಕರ್ನಾಟಕದವೇ ಆಗಿದ್ದವು. ರೋಗವನ್ನು ಹರಡುವ ಈಡಿಸ್ ಸೊಳ್ಳೆಯು ಸಂಗ್ರಹಿಸಿಟ್ಟ ತಿಳಿನೀರಿನಲ್ಲಿ ಮೊಟ್ಟೆಯಿಡುತ್ತದೆ. ನವಲಗುಂದ, ಅಣ್ಣಿಗೇರಿ ಭಾಗದಂತಹ ಕಪ್ಪುಮಣ್ಣಿನ ಬಯಲುಸೀಮೆಯ ಊರುಗಳಲ್ಲಿ ಕುಡಿಯುವ ಮತ್ತು ಬಳಸುವ ನೀರನ್ನು ಬ್ಯಾರಲ್ಲು, ಸಿಮೆಂಟಿನ ತೊಟ್ಟಿಗಳಲ್ಲಿ ದಿನಗಟ್ಟಲೆ ತುಂಬಿಡುವುದು ವಾಡಿಕೆಯಾದ್ದರಿಂದ, ನೀರಿನ ಪಾತ್ರೆಗಳನ್ನು ಮುಚ್ಚಿಡುವುದು ಇಲ್ಲಿ ಮುಖ್ಯ ಮುಂಜಾಗ್ರತೆ.

ಜ್ವರ ಇಳಿದ ಮೇಲೂ ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ಉಳಿಯುವ ಕೀಲುನೋವು ಈ ರೋಗದ ವಿಶೇಷ. ಹೊಲಗೆಲಸ, ಕೂಲಿಕೆಲಸಗಳಿಂದ ಜೀವನ ನಡೆಸುವವರಿಗೆ ಜ್ವರಕ್ಕಿಂತ ಈ ನೋವೇ ಹೆಚ್ಚಿನ ನಷ್ಟ ತರುತ್ತದೆ. ಸಿಂಗಪುರದ 2008ರ ಹಾವಳಿಯ ರೋಗಿಗಳ ಅಧ್ಯಯನದಲ್ಲಿ, ರೋಗದ ತೀವ್ರತೆ ಹೆಚ್ಚಿದ್ದವರ ರಕ್ತದಲ್ಲಿ ಐಎಲ್-6 ಮತ್ತು ಇಂಟರ್‌ಲ್ಯೂಕಿನ್-1 ಬೀಟಾ ಹೆಚ್ಚಾಗಿದ್ದುದು ಕಂಡುಬಂದಿತು. ಚಿಕೂನ್‌ಗುನ್ಯದ ಕೀಲುನೋವು ಮತ್ತು ರುಮಟಾಯ್ಡ್ ಸಂಧಿವಾತಗಳ ನಡುವಿನ ಹೋಲಿಕೆಗೆ ಇದು ಒಂದು ವಿವರಣೆ ಒದಗಿಸುತ್ತದೆ. ಆದರೂ ಐಎಲ್-6 ಗ್ರಾಹಕ ತಡೆಯುವ ಔಷಧಗಳು ಚಿಕೂನ್‌ಗುನ್ಯಕ್ಕೆ ರೂಢಿಯ ಚಿಕಿತ್ಸೆಯಲ್ಲ. ವಿಶ್ರಾಂತಿ, ಪ್ಯಾರಾಸಿಟಮಾಲ್, ವೈದ್ಯರ ಸಲಹೆಯ ನೋವುನಿವಾರಕಗಳು, ವ್ಯಾಯಾಮ ಇವೇ ಮುಖ್ಯ. ಬಹುಕಾಲ ಉಳಿಯುವ ಕೀಲೂತಕ್ಕೆ ತಜ್ಞರು ಸಂಧಿವಾತದ ಇತರ ಔಷಧಗಳನ್ನು ಬಳಸುವುದುಂಟು.

ಕೋವಿಡ್-19

ಭಾರತದಲ್ಲಿ ಕೋವಿಡ್-19ರಿಂದ ಸಂಭವಿಸಿದ ಮೊದಲ ಸಾವು 2020ರ ಮಾರ್ಚ್‌ನಲ್ಲಿ ಕಲಬುರಗಿಯ 76 ವರ್ಷದ ವ್ಯಕ್ತಿಯದು. ಕೆಲವು ರೋಗಿಗಳಲ್ಲಿ ವೈರಸ್ಸಿಗಿಂತ ಅದರ ವಿರುದ್ಧದ ಉರಿಯೂತವೇ ಶ್ವಾಸಕೋಶವನ್ನು ಹಾಳುಮಾಡುತ್ತದೆ ಎಂಬುದು ಬೇಗ ತಿಳಿದುಬಂದಿತು. ಆದ್ದರಿಂದ ಐಎಲ್-6 ಗ್ರಾಹಕವನ್ನು ತಡೆಯುವ ಪ್ರಯತ್ನಗಳು ಆರಂಭವಾದವು. ಮೊದಲ ಫಲಿತಾಂಶಗಳು ಒಂದೇ ರೀತಿಯಾಗಿರಲಿಲ್ಲ. ಭಾರತದ 12 ಆಸ್ಪತ್ರೆಗಳಲ್ಲಿ 180 ರೋಗಿಗಳ ಮೇಲೆ ನಡೆದ 'ಕೋವಿನ್‌ಟಾಕ್' ಪರೀಕ್ಷೆಯಲ್ಲಿ, ಟೊಸಿಲಿಜುಮ್ಯಾಬ್ ಎಲ್ಲ ರೋಗಿಗಳಿಗೂ ರೂಢಿಯಾಗಿ ಕೊಡಲು ಬೇಕಾದಷ್ಟು ಆಧಾರ ಸಿಗಲಿಲ್ಲ. ಬ್ರಿಟನ್ನಿನ 'ರಿಕವರಿ' ಪರೀಕ್ಷೆಯು 4,116 ರೋಗಿಗಳನ್ನು ಒಳಗೊಂಡಿತ್ತು. ಆಮ್ಲಜನಕದ ಮಟ್ಟ ಕುಸಿದು, ಸಿಆರ್‌ಪಿ ಲೀಟರಿಗೆ 75 ಮಿಲಿಗ್ರಾಂ ಅಥವಾ ಅದಕ್ಕಿಂತ ಹೆಚ್ಚಿದ್ದವರನ್ನು ಮಾತ್ರ ಅದು ಆರಿಸಿಕೊಂಡಿತ್ತು. ಔಷಧ ಪಡೆದವರಲ್ಲಿ 28 ದಿನಗಳೊಳಗೆ ಶೇಕಡ 31ರಷ್ಟು, ಪಡೆಯದವರಲ್ಲಿ ಶೇಕಡ 35ರಷ್ಟು ಜನ ಮೃತರಾದರು. ಅವರಲ್ಲಿ ಹೆಚ್ಚಿನವರು ಸ್ಟೀರಾಯ್ಡ್ ಸಹ ಪಡೆಯುತ್ತಿದ್ದರು. ಈ ಆಧಾರಗಳ ಮೇಲೆ ವಿಶ್ವ ಆರೋಗ್ಯ ಸಂಸ್ಥೆಯು 2021ರ ಜುಲೈನಲ್ಲಿ, ತೀವ್ರ ಹಾಗೂ ಗಂಭೀರ ಸ್ಥಿತಿಯ ರೋಗಿಗಳಿಗೆ ಸ್ಟೀರಾಯ್ಡ್ ಜೊತೆಗೆ ಈ ವರ್ಗದ ಔಷಧಗಳನ್ನು ಶಿಫಾರಸು ಮಾಡಿತು.

ಅಂದರೆ ಔಷಧದ ಪ್ರಯೋಜನವು ಸರಿಯಾದ ರೋಗಿ ಮತ್ತು ಸರಿಯಾದ ಸಮಯದ ಮೇಲೆ ನಿಂತಿತ್ತು. 2021ರ ಎರಡನೆಯ ಅಲೆಯಲ್ಲಿ ಈ ವಿವೇಚನೆಗೆ ಅವಕಾಶ ಕಡಿಮೆಯಾಯಿತು. ವಿದೇಶದಿಂದ ಬರಬೇಕಾಗಿದ್ದ ಔಷಧವು ಮಾರುಕಟ್ಟೆಯಲ್ಲಿ ದುರ್ಲಭವಾಗಿ, ಕೇಂದ್ರ ಸರ್ಕಾರವೇ ರಾಜ್ಯವಾರು ಹಂಚಿಕೆ ಮಾಡಬೇಕಾಯಿತು. ಚೀಟಿ ಹಿಡಿದು ಊರೂರು ಅಲೆದ ಕುಟುಂಬಗಳ ಸುದ್ದಿಗಳು ಆ ದಿನಗಳಲ್ಲಿ ಪತ್ರಿಕೆಗಳಲ್ಲಿ ಬಂದವು. ಹೈದರಾಬಾದಿನ ಹೆಟೆರೊ ಸಂಸ್ಥೆ ತಯಾರಿಸಿದ ಜೈವಿಕ ಸದೃಶ ಔಷಧಕ್ಕೆ 2021ರ ಸೆಪ್ಟೆಂಬರಿನಲ್ಲಿ ತುರ್ತು ಬಳಕೆಯ ಅನುಮತಿ ದೊರೆಯಿತು.

ಬೆಂಗಳೂರಿನ ಬಯೋಕಾನ್ ಸಂಸ್ಥೆಯ ಇಟೊಲಿಜುಮ್ಯಾಬ್ ಎಂಬ ಔಷಧಕ್ಕೆ 2020ರ ಜುಲೈನಲ್ಲಿ ಕೋವಿಡ್ ರೋಗಿಗಳಲ್ಲಿ ನಿರ್ಬಂಧಿತ ತುರ್ತು ಬಳಕೆಯ ಅನುಮತಿ ಸಿಕ್ಕಿತ್ತು. 2013ರಿಂದ ಸೋರಿಯಾಸಿಸ್ ಚಿಕಿತ್ಸೆಗಾಗಿ ಮಾರಾಟದಲ್ಲಿದ್ದ ಈ ಔಷಧದ ಹೆಸರು ಟೊಸಿಲಿಜುಮ್ಯಾಬನ್ನು ಹೋಲುವುದರಿಂದ ಎರಡನ್ನೂ ಒಂದೇ ಎಂದು ಭಾವಿಸುವುದುಂಟು. ಇಟೊಲಿಜುಮ್ಯಾಬ್ ತಡೆಯುವುದು ಟಿ ಕೋಶಗಳ ಮೇಲಿನ ಸಿಡಿ6 ಎಂಬ ಪ್ರೋಟೀನನ್ನು. ಅದು ಐಎಲ್-6 ಗ್ರಾಹಕಕ್ಕೆ ಅಂಟುವುದಿಲ್ಲ.

ಕಾರ್-ಟಿ ಚಿಕಿತ್ಸೆ

ಭಾರತದ ಮೊದಲ ಸ್ವದೇಶಿ ಕಾರ್-ಟಿ ಚಿಕಿತ್ಸೆಗೆ 2023ರ ಅಕ್ಟೋಬರಿನಲ್ಲಿ ಅನುಮತಿ ದೊರೆಯಿತು. ಅದನ್ನು ಮುಂಬಯಿಯ ಭಾರತೀಯ ತಂತ್ರಜ್ಞಾನ ಸಂಸ್ಥೆ ಮತ್ತು ಟಾಟಾ ಸ್ಮಾರಕ ಕೇಂದ್ರಗಳ ಸಹಯೋಗದಲ್ಲಿ ಅಭಿವೃದ್ಧಿಪಡಿಸಲಾಗಿತ್ತು. ಬೆಂಗಳೂರಿನ ಇಮ್ಯುನೀಲ್ ಸಂಸ್ಥೆಯು 2025ರ ಜನವರಿಯಲ್ಲಿ ತನ್ನ ಕಾರ್-ಟಿ ಚಿಕಿತ್ಸೆಯನ್ನು ಬಳಕೆಗೆ ತಂದಿತು. ಈ ಚಿಕಿತ್ಸೆ ನೀಡುವ ಆಸ್ಪತ್ರೆಗಳು ಐಎಲ್-6 ಗ್ರಾಹಕ ತಡೆಯುವ ಔಷಧವನ್ನು ಮೊದಲೇ ಸಿದ್ಧವಾಗಿಟ್ಟುಕೊಂಡಿರಬೇಕಾಗುತ್ತದೆ.

ಅಡ್ಡಪರಿಣಾಮಗಳು ಮತ್ತು ಎಚ್ಚರಿಕೆ

ಐಎಲ್-6 ಗ್ರಾಹಕವನ್ನು ತಡೆದಾಗ ಸೋಂಕಿನ ಅಪಾಯ ಹೆಚ್ಚುತ್ತದೆ. ಭಾರತದಲ್ಲಿ ಬಹಳ ಜನರ ದೇಹದಲ್ಲಿ ಕ್ಷಯದ ರೋಗಾಣು ಸುಪ್ತವಾಗಿರುವುದರಿಂದ, ಚಿಕಿತ್ಸೆಯ ಮೊದಲು ಕ್ಷಯರೋಗದ ತಪಾಸಣೆ ಅಗತ್ಯ. ಹೆಪಟೈಟಿಸ್ ಬಿ ಪರೀಕ್ಷೆಯನ್ನೂ ಮಾಡಿಸಲಾಗುತ್ತದೆ. ನ್ಯೂಟ್ರೊಫಿಲ್‌ಗಳ ಸಂಖ್ಯೆ ಇಳಿಯುವುದು, ಯಕೃತ್ತಿನ ಕಿಣ್ವಗಳು ಮತ್ತು ಕೊಲೆಸ್ಟ್ರಾಲ್ ಏರುವುದು, ಅಪರೂಪವಾಗಿ ಕರುಳಿನಲ್ಲಿ ರಂಧ್ರವಾಗುವುದು ಇತರ ಅಡ್ಡಪರಿಣಾಮಗಳು. ಚಿಕಿತ್ಸೆಯ ಅವಧಿಯಲ್ಲಿ ಜೀವಂತ ರೋಗಾಣುಗಳಿರುವ ಲಸಿಕೆಗಳನ್ನು ಕೊಡುವುದಿಲ್ಲ.

ಎಲ್ಲಕ್ಕಿಂತ ಸೂಕ್ಷ್ಮವಾದ ಅಪಾಯವು ರೋಗಲಕ್ಷಣಗಳು ಮರೆಯಾಗುವುದು. ಜ್ವರವೂ ಸಿಆರ್‌ಪಿಯೂ ಈ ಗ್ರಾಹಕವನ್ನು ಅವಲಂಬಿಸಿರುವುದರಿಂದ, ಔಷಧ ಪಡೆಯುತ್ತಿರುವವರಲ್ಲಿ ನ್ಯುಮೋನಿಯದಂತಹ ಸೋಂಕು ತಗಲಿದರೂ ಜ್ವರ ಬಾರದಿರಬಹುದು. ರಕ್ತಪರೀಕ್ಷೆಯೂ ಸಾಮಾನ್ಯವೆಂದು ತೋರಬಹುದು. ಇದಕ್ಕೆ ವಿರುದ್ಧವಾಗಿ ರಕ್ತದಲ್ಲಿ ಐಎಲ್-6ರ ಪ್ರಮಾಣವು ಔಷಧ ಕೊಟ್ಟ ಬಳಿಕ ಏರುತ್ತದೆ. ಗ್ರಾಹಕಗಳು ಮುಚ್ಚಿಹೋದ ಕಾರಣ ಐಎಲ್-6 ರಕ್ತದಿಂದ ತೆರವಾಗದಿರುವುದೇ ಇದಕ್ಕೆ ಕಾರಣ. ರೋಗ ಉಲ್ಬಣಿಸಿದೆ ಎಂದು ಇದರಿಂದ ತಿಳಿಯಬಾರದು. ಆದ್ದರಿಂದ ಈ ಔಷಧ ಪಡೆಯುವವರು ಬೇರೆ ಯಾವುದೇ ಕಾಯಿಲೆಗಾಗಿ ಹತ್ತಿರದ ದವಾಖಾನೆಗೆ ಹೋದಾಗಲೂ ಆ ವಿಷಯವನ್ನು ವೈದ್ಯರಿಗೆ ತಿಳಿಸಬೇಕು. ಕೆಮ್ಮು, ಸುಸ್ತು, ಹೊಟ್ಟೆನೋವು ಕಂಡುಬಂದರೆ ಜ್ವರವಿಲ್ಲವೆಂಬ ಕಾರಣಕ್ಕೆ ಉಪೇಕ್ಷಿಸಬಾರದು.